ಏಣಿಯ ಕೆಳಗಿನ ಮೆಟ್ಟಿಲುಗಳು

ರೇಸ್ ಸೈಕಲ್ಲಿನ ಭಾಗ ತಯಾರಿಸುವ ಇಟಲಿಯ ಕ್ಯಾಂಪಾನ್ಯೋಲೋ ಕಂಪನಿಯ ಹಳೆಯ ಎರ್ಗೋಪವರ್ ಲಿವರ್ (ಬ್ರೇಕ್, ಗೇರ್ ಎರಡೂ ಇರುವ ಹಿಡಿ) ಬಿಚ್ಚಿದರೆ ಒಳಗೆ ಎರಡು ಪುಟ್ಟ ಉಕ್ಕಿನ ತಂತಿಗಳು ಸಿಗುತ್ತವೆ. ಇಂಗ್ಲಿಷಿನ ಜಿ ಅಕ್ಷರದ ಹಾಗೆ ಬಾಗಿರುವುದರಿಂದ ಮೆಕ್ಯಾನಿಕ್‌ಗಳು ಅವನ್ನು ಜಿ-ಸ್ಪ್ರಿಂಗ್ ಅನ್ನುತ್ತಾರೆ. ಗೇರ್ ಬದಲಿಸಿದಾಗ ಬೆರಳಿಗೆ ತಾಗುವ ಆ ಗಟ್ಟಿ ‘ಟಕ್’ ಹುಟ್ಟುವುದು ಇವುಗಳಿಂದಲೇ. ಸಾವಿರಾರು ಕಿಲೋಮೀಟರ್ ಓಡಿದ ಮೇಲೆ ತಂತಿ ಸವೆಯುತ್ತದೆ, ಕೆಲವೊಮ್ಮೆ ತುಂಡಾಗುತ್ತದೆ. ಆಗ ‘ಟಕ್’ ಮೆತ್ತಗಾಗಿ, ಚೈನ್ ಎರಡು ಹಲ್ಲುಚಕ್ರಗಳ ನಡುವೆ ತೊಳಲಾಡಲು ಶುರುಮಾಡುತ್ತದೆ.

ದುರಸ್ತಿ ಕಷ್ಟವಲ್ಲ. ಗೇರ್ ಕೇಬಲ್ ತೆಗೆದು, ರಬ್ಬರ್ ಹೊದಿಕೆ ಸರಿಸಿ, ಲಿವರನ್ನು ಹ್ಯಾಂಡಲ್‌ಬಾರ್‌ನಿಂದ ಕಳಚಬೇಕು. ಒಳಗಿನ ಬೋಲ್ಟ್ ಬಿಚ್ಚಿದರೆ ಭಾಗಗಳು ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಹೊರಬರುತ್ತವೆ. ಬಂದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿಟ್ಟರೆ ಅರ್ಧ ಕೆಲಸ ಮುಗಿದಂತೆ. ಹಳೆಯ ತಂತಿಗಳನ್ನು ತೆಗೆದು, ಹೊಸವಕ್ಕೆ ಗ್ರೀಸ್ ಹಚ್ಚಿ, ಕೂರುಗೂಡಿನಲ್ಲಿ ಕೂರಿಸಬೇಕು. ಆ ಗೂಡಿನಲ್ಲಿ ಬಿರುಕಿದ್ದರೆ ಅದನ್ನೂ ಬದಲಿಸಬೇಕು, ಇಲ್ಲದಿದ್ದರೆ ಹೊಸ ತಂತಿ ಹಾಕಿದ್ದು ವ್ಯರ್ಥ. ಜೋಡಿಸುವಾಗ ಎಡವುವುದು ಸುರುಳಿ ಸ್ಪ್ರಿಂಗ್‌ನ ಹತ್ತಿರ. ಅದಕ್ಕೆ ಕೊಡಬೇಕಾದಷ್ಟು ಬಿಗಿ ಕೊಡದೆ ಮುಚ್ಚಿದರೆ ಲಿವರ್ ಒಂದು ದಿಕ್ಕಿಗೆ ಭಾರವಾಗುತ್ತದೆ, ಮತ್ತೆ ಮೊದಲಿನಿಂದ ಬಿಚ್ಚಬೇಕು. ಇಷ್ಟು ಮಾಡಿದರೆ ಹಳೆಯ ಲಿವರ್ ಹೊಸದರಂತೆ ಕೆಲಸ ಮಾಡುತ್ತದೆ. ಅದೇ ಕಾಲದ, ಜಪಾನಿನ ಪ್ರತಿಸ್ಪರ್ಧಿ ಶಿಮಾನೋದ ಲಿವರ್‌ನ ಒಳಭಾಗ ಬಿಚ್ಚಿ ರಿಪೇರಿ ಮಾಡಲೆಂದು ಮಾಡಿದ್ದಲ್ಲ. ಒಳಗೆ ಏನಾದರೂ ಮುರಿದರೆ ಇಡೀ ಲಿವರ್ ಬದಲಿಸಬೇಕು.

ಬಳಸುವವನಿಗೆ ಇಷ್ಟು ಗೌರವ ಕೊಟ್ಟು ವಸ್ತು ತಯಾರಿಸಿದ ಕಂಪನಿ 2025ರ ಕೊನೆಯಲ್ಲಿ ಸುದ್ದಿಯಾದದ್ದು ಬೇರೆಯೇ ಕಾರಣಕ್ಕೆ. ಇಟಲಿಯ ವಿಚೆಂಜಾದ ಕಾರ್ಖಾನೆಯಲ್ಲಿ ಸುಮಾರು 300 ಮಂದಿ ಇದ್ದ ಕಡೆ 120 ಮಂದಿಯನ್ನು ಕೈಬಿಡುವ ಪ್ರಸ್ತಾಪ ಹೊರಬಿತ್ತು, ಕಾರ್ಮಿಕ ಸಂಘಗಳು ಪ್ರತಿಭಟನೆಗೆ ಇಳಿದವು. ತುಲ್ಲಿಯೋ ಕ್ಯಾಂಪಾನ್ಯೋಲೋ 1933ರಲ್ಲಿ ಶುರುಮಾಡಿದ ಕಂಪನಿ ಇದು. ಚಕ್ರವನ್ನು ಪಾನಾ ಇಲ್ಲದೆ ಕಳಚುವ ಕ್ವಿಕ್ ರಿಲೀಸ್ ಜಗತ್ತಿಗೆ ಬಂದದ್ದು ಅವರಿಂದ. ರೇಸ್ ಸೈಕಲ್ಲಿನ ಡಿರೇಲರ್‌ಗೆ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಇವತ್ತಿನ ರೂಪ ಕೊಟ್ಟ 1950ರ ದಶಕದ ಗ್ರಾನ್ ಸ್ಪೋರ್ಟ್ ಕೂಡ ಅವರದೇ.

ಗುಣಮಟ್ಟ ಕುಸಿದದ್ದಕ್ಕೆ ಹೀಗಾಯಿತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಶಿಮಾನೋ ಅಗ್ಗ, ಅದಕ್ಕೇ ಗೆದ್ದಿತು ಅನ್ನುವುದೂ ಅರ್ಧ ಸತ್ಯ. ಕ್ಯಾಂಪಾನ್ಯೋಲೋ ಏಣಿಯ ಮೇಲಿನ ಮೆಟ್ಟಿಲನ್ನು ಹೊಳಪು ಮಾಡುತ್ತಾ ಕೆಳಗಿನ ಮೆಟ್ಟಿಲುಗಳನ್ನು ಒಂದೊಂದಾಗಿ ಕಳಚಿತು. ಕೊನೆಗೆ ಮೇಲಿನ ಮೆಟ್ಟಿಲಿಗೆ ಏರಿ ಬರಲು ಯಾರಿಗೂ ದಾರಿ ಉಳಿಯಲಿಲ್ಲ. ನನಗೆ ಕಾಣುವ ಮೂಲ ಕಾರಣ ಇದು.

ಮೊದಲು ಗ್ರೂಪ್‌ಸೆಟ್ ಹೇಗೆ ಮಾರಾಟವಾಗುತ್ತದೆ ಅನ್ನುವುದನ್ನು ನೋಡಬೇಕು. ಬ್ರೇಕ್, ಗೇರ್ ಲಿವರ್, ಎರಡು ಡಿರೇಲರ್, ಪೆಡಲ್ ಕೂರುವ ಕ್ರ್ಯಾಂಕ್, ಹಿಂಚಕ್ರದ ಹಲ್ಲುಚಕ್ರಗಳ ಗೊಂಚಲಾದ ಕ್ಯಾಸೆಟ್, ಚೈನ್ ಎಲ್ಲ ಸೇರಿದ ಕಟ್ಟು ಅದು. ಅಂಗಡಿಗೆ ಹೋಗಿ ಬಿಡಿಯಾಗಿ ಗ್ರೂಪ್‌ಸೆಟ್ ಕೊಳ್ಳುವವರು ಬೆರಳೆಣಿಕೆ. ಹೆಚ್ಚಿನವು ಮಾರಾಟವಾಗುವುದು ಪೂರ್ತಿ ಸೈಕಲ್ಲಿನ ಮೈಮೇಲೆ. ಸೈಕಲ್ ಬ್ರ್ಯಾಂಡ್‌ನ ಪ್ರಾಡಕ್ಟ್ ಮ್ಯಾನೇಜರ್ ಮಾದರಿ ಮಾರುಕಟ್ಟೆಗೆ ಬರುವ ಒಂದು, ಒಂದೂವರೆ ವರ್ಷ ಮೊದಲೇ ಯಾವ ಫ್ರೇಮ್‌ಗೆ ಯಾವ ಕಟ್ಟು ಅಂತ ಪಟ್ಟಿ ಮಾಡುತ್ತಾರೆ. ಒಂದೇ ಫ್ರೇಮ್‌ನ ಮೇಲೆ ನಾಲ್ಕೈದು ಬೆಲೆಯ ಸೈಕಲ್‌ಗಳು ನಿಲ್ಲಬೇಕು: ದುಬಾರಿಯದು ಒಂದು, ನಡುವಿನವು ಎರಡು ಮೂರು, ಕೆಳಗಿನದು ಒಂದು. ಈ ನಾಲ್ಕೈದಕ್ಕೂ ಕಟ್ಟು ಕೊಡಬಲ್ಲ, ಹೇಳಿದ ವಾರಕ್ಕೆ ಪೂರೈಸಬಲ್ಲ, ಊರೂರಿನ ಅಂಗಡಿಗೂ ಬಿಡಿಭಾಗ ಮುಟ್ಟಿಸಬಲ್ಲ ಕಂಪನಿಯ ಜೊತೆ ವ್ಯವಹಾರ ಸುಲಭ. ಮೇಲಿನದೊಂದನ್ನು ಮಾತ್ರ ಕೊಡುವವರಿಗಾಗಿ ಪ್ರತ್ಯೇಕ ಒಪ್ಪಂದ, ಪ್ರತ್ಯೇಕ ಪರೀಕ್ಷೆ, ಪ್ರತ್ಯೇಕ ಬಿಡಿಭಾಗ ಸಂಗ್ರಹ ಇಟ್ಟುಕೊಳ್ಳಲು ಯಾರಿಗೆ ಪುರುಸೊತ್ತಿದೆ?

ಇನ್ನೊಂದು ಲೆಕ್ಕ ಅಚ್ಚಿನದು. ಕ್ರ್ಯಾಂಕ್ ತೋಳನ್ನು ಬಿಸಿ ಲೋಹದಿಂದ ಒತ್ತಿ ತೆಗೆಯುವ ಅಚ್ಚಿಗೆ 60,000 ಯೂರೋ ಬೀಳುತ್ತದೆ ಅಂದುಕೊಳ್ಳೋಣ. ಅಂಕಿ ಉದಾಹರಣೆಗೆ ಮಾತ್ರ. ಅದರಿಂದ 3,000 ತೋಳು ತೆಗೆದರೆ ಒಂದೊಂದರ ಮೇಲೆ 20 ಯೂರೋ ಅಚ್ಚಿನ ಭಾರ. 3 ಲಕ್ಷ ತೆಗೆದರೆ 20 ಸೆಂಟ್. ಎಲೆಕ್ಟ್ರಾನಿಕ್ ಡಿರೇಲರ್‌ನಲ್ಲಿ ಅಚ್ಚಿನ ಜೊತೆಗೆ ಚಿಪ್, ರೇಡಿಯೋ, ಸಾಫ್ಟ್‌ವೇರ್, ಬ್ಯಾಟರಿ ಸುರಕ್ಷತೆಯ ಪರೀಕ್ಷೆ ಎಲ್ಲದರ ಖರ್ಚು ಸೇರುತ್ತದೆ. ಸಾಫ್ಟ್‌ವೇರ್ ಬರೆಯುವ ತಂಡದ ಸಂಬಳ 5,000 ಕಟ್ಟು ಮಾರಿದರೂ ಅಷ್ಟೇ, 5 ಲಕ್ಷ ಮಾರಿದರೂ ಅಷ್ಟೇ. ಕೇಬಲ್ಲಿನ ಕಾಲದಲ್ಲಿ ಒಳ್ಳೆಯ ಮಿಲ್ಲಿಂಗ್ ಯಂತ್ರ, ನುರಿತ ಕೈಗಳು ಇದ್ದರೆ ಸಣ್ಣ ಕಾರ್ಖಾನೆಯೂ ದೊಡ್ಡದರ ಎದುರು ನಿಲ್ಲಬಹುದಿತ್ತು. ವೈರ್‌ಲೆಸ್ ಕಾಲ ಆ ಸಮಬಲವನ್ನು ಕಿತ್ತುಕೊಂಡಿತು.

ತಪ್ಪಿನ ಬೇರು ಇನ್ನೂ ಹಳೆಯದು. ಶಿಮಾನೋ 1921ರಲ್ಲಿ ಜಪಾನಿನ ಸಕಾಯ್‌ನಲ್ಲಿ ಫ್ರೀವೀಲ್ (ಹಿಂಚಕ್ರದ ಹಲ್ಲುಚಕ್ರ) ಮಾಡುವ ಅಂಗಡಿಯಾಗಿ ಹುಟ್ಟಿದ್ದು. 1984ರಲ್ಲಿ ಅದು ತನ್ನ ಅತಿ ಮೇಲಿನ ದರ್ಜೆಯ ಡ್ಯೂರಾ-ಏಸ್ ಕಟ್ಟಿಗೆ ಎಸ್‌ಐಎಸ್ ತಂದಿತು: ಲಿವರನ್ನು ಒಂದು ‘ಟಕ್’ ತಳ್ಳಿದರೆ ಸರಿಯಾಗಿ ಒಂದು ಗೇರ್. ಲಿವರ್‌ನೊಳಗಿನ ಹಲ್ಲಿನ ತಟ್ಟೆ ಆ ಕೆಲಸದ ಒಂದು ಭಾಗ ಮಾತ್ರ. ಕೇಬಲ್ ಎಷ್ಟು ಹಿಗ್ಗುತ್ತದೆ, ಅದರ ಕವಚ ಎಷ್ಟು ಅದುಮಿಕೊಳ್ಳುತ್ತದೆ, ಡಿರೇಲರ್‌ನ ಮೇಲಿನ ಪುಟ್ಟ ಚಕ್ರ ಹಲ್ಲುಚಕ್ರದಿಂದ ಎಷ್ಟು ದೂರ ನಿಲ್ಲುತ್ತದೆ, ಹಲ್ಲಿನ ತುದಿ ಯಾವ ಆಕಾರದ್ದು, ಚೈನ್ ಪಕ್ಕಕ್ಕೆ ಎಷ್ಟು ಬಾಗುತ್ತದೆ, ಎಲ್ಲವನ್ನೂ ಒಟ್ಟಿಗೆ ಕೂರಿಸಿ ವಿನ್ಯಾಸ ಮಾಡಿದ್ದರು. ಸನ್‌ಟೂರ್ ಕಂಪನಿಯ ಓರೆ ಪ್ಯಾರಲೆಲೋಗ್ರಾಮ್ ಡಿರೇಲರ್‌ನ ಪೇಟೆಂಟ್ ಮುಗಿದದ್ದೂ ಅದೇ ಹೊತ್ತಿಗೆ. ಆ ಓರೆಯಿಂದಾಗಿ ಪುಟ್ಟ ಚಕ್ರ ಎಲ್ಲ ಗೇರ್‌ಗಳಲ್ಲೂ ಹೆಚ್ಚುಕಡಿಮೆ ಒಂದೇ ಅಂತರದಲ್ಲಿ ನಿಲ್ಲುತ್ತದೆ.

ಕ್ಯಾಂಪಾನ್ಯೋಲೋದ ಉತ್ತರ ಸಿಂಕ್ರೋ. ಲಿವರ್‌ನೊಳಗೆ ಬೇರೆ ಬೇರೆ ಬಣ್ಣದ ಬಿಲ್ಲೆಗಳು. ನಿಮ್ಮ ಡಿರೇಲರ್, ನಿಮ್ಮ ಫ್ರೀವೀಲ್ ಯಾವುದೋ ನೋಡಿಕೊಂಡು ಅದಕ್ಕೆ ಹೊಂದುವ ಬಿಲ್ಲೆ ಹಾಕಿಕೊಳ್ಳಿ ಅನ್ನುವ ಉಪಾಯ. ಎಲ್ಲರ ಫ್ರೀವೀಲ್‌ಗೂ ಹೊಂದಿಕೊಳ್ಳಬೇಕು ಅನ್ನುವ ಒಳ್ಳೆಯ ಮನಸ್ಸು ಅದರಲ್ಲಿತ್ತು. ಆದರೆ ಡಿರೇಲರ್ ಹಳೆಯ ವಿನ್ಯಾಸದ್ದು, ಪುಟ್ಟ ಚಕ್ರದ ಅಂತರ ಗೇರ್‌ನಿಂದ ಗೇರ್‌ಗೆ ಬದಲಾಗುತ್ತಿತ್ತು. ಬಿಲ್ಲೆ ಎಷ್ಟೇ ಸರಿಯಿದ್ದರೂ ಒಂದು ಗೇರ್ ಸರಿಮಾಡಿದರೆ ಇನ್ನೊಂದು ಕೆಡುತ್ತಿತ್ತು. ಆ ಹೊತ್ತಿಗೆ ಬಿಡಿಭಾಗದ ಕಾಲ ಮುಗಿದು ವ್ಯವಸ್ಥೆಯ ಕಾಲ ಶುರುವಾಗಿತ್ತು. ವಿಚೆಂಜಾ ಇನ್ನೂ ಬಿಡಿಭಾಗವನ್ನೇ ತಿದ್ದುತ್ತಾ ಕೂತಿತ್ತು.

ಅಲ್ಲಿಂದ ಅವರು ಎದ್ದು ನಿಂತದ್ದನ್ನೂ ಹೇಳಬೇಕು. ಶಿಮಾನೋ 1990ರಲ್ಲಿ ಬ್ರೇಕ್ ಮತ್ತು ಗೇರ್ ಒಂದೇ ಲಿವರ್‌ನಲ್ಲಿರುವ ಎಸ್‌ಟಿಐ ತಂದರೆ, 1992ರಲ್ಲಿ ಎರ್ಗೋಪವರ್ ಬಂತು. ನನ್ನ ಮಟ್ಟಿಗೆ ಇದು ಕೈಗೆ ಅತ್ಯಂತ ಸ್ಪಷ್ಟವಾಗಿ ಅರ್ಥವಾಗುವ ಗೇರ್ ವ್ಯವಸ್ಥೆ. ಬ್ರೇಕ್ ಲಿವರ್ ಬ್ರೇಕ್ ಮಾತ್ರ ಹಿಡಿಯುತ್ತದೆ. ಅದರ ಹಿಂದಿನ ಸಣ್ಣ ಲಿವರ್ ಒಂದು ದಿಕ್ಕಿಗೆ, ಹೆಬ್ಬೆರಳಿನದು ಇನ್ನೊಂದು ದಿಕ್ಕಿಗೆ. ಒಂದು ಲಿವರ್‌ಗೆ ಒಂದೇ ಕೆಲಸ. ಚಳಿಯಲ್ಲಿ ದಪ್ಪ ಗ್ಲೌಸ್ ಹಾಕಿದ್ದರೂ, ಉಬ್ಬುತಗ್ಗಿನ ರಸ್ತೆಯಲ್ಲಿ ಕೈ ನಡುಗುತ್ತಿದ್ದರೂ ಯಾವುದು ಯಾವುದೆಂದು ಗೊಂದಲವಿಲ್ಲ. ಒಂದೇ ಒತ್ತಿಗೆ ನಾಲ್ಕೈದು ಗೇರ್ ಜಾರಿಸಬಹುದು. ಹೆಬ್ಬೆರಳಿನ ಆ ಲಿವರ್ ಕಂಪನಿಯ ಸಹಿಯಂತಿತ್ತು. ಈ ಮಾತು ಮುಂದೆ ಮತ್ತೆ ಬರುತ್ತದೆ.

ಆದರೆ ಅದೇ ಹೊತ್ತಿಗೆ ದುಡ್ಡು ಬೆಟ್ಟದ ಕಡೆ ಹರಿಯುತ್ತಿತ್ತು. 1980ರ ದಶಕದ ಶುರುವಿನಲ್ಲೇ ಶಿಮಾನೋ ಡಿಯೋರ್ ಎಕ್ಸ್‌ಟಿ ಹೆಸರಿನಲ್ಲಿ ಮೌಂಟನ್ ಬೈಕಿಗೆ ಪ್ರತ್ಯೇಕ ಕಟ್ಟು ತಂದಿತ್ತು. ಕ್ಯಾಂಪಾನ್ಯೋಲೋ ದಶಕದ ಕೊನೆಗೆ ಯೂಕ್ಲಿಡ್‌ನಂಥ ಕಟ್ಟುಗಳೊಂದಿಗೆ ಬಂತು. ಅವು ಚೆಂದ, ಗಟ್ಟಿಮುಟ್ಟು; ಆದರೆ ಭಾರ, ದುಬಾರಿ. 1990ರ ದಶಕದ ನಡುವಿನಲ್ಲಿ ಆ ಮಾರುಕಟ್ಟೆಯನ್ನೇ ಬಿಟ್ಟು ರಸ್ತೆ ರೇಸಿಗೆ ಮರಳಿತು. ಆಗ ಅದು ವಿವೇಕದ ನಿರ್ಧಾರವಾಗಿ ಕಂಡಿರಬೇಕು: ಹಾಸಿಗೆ ಇದ್ದಷ್ಟು ಕಾಲು ಚಾಚುವುದು ತಪ್ಪಲ್ಲ. ಅದರ ಬೆಲೆ ಗೊತ್ತಾದದ್ದು 20 ವರ್ಷ ಕಳೆದ ಮೇಲೆ. ಡಿಸ್ಕ್ ಬ್ರೇಕ್, ಅಗಲ ಶ್ರೇಣಿಯ ಕ್ಯಾಸೆಟ್, ಮುಂದೆ ಒಂದೇ ಚಕ್ರ ಇರುವ ಗೇರ್ ಎಲ್ಲ ಬೆಟ್ಟದಲ್ಲಿ ಪಳಗಿ ರಸ್ತೆಗೆ ಇಳಿದವು. ಆ ಪಾಠಶಾಲೆಗೆ ಹೋಗದವರು ಅದನ್ನೆಲ್ಲ ಹೊಸದಾಗಿ ಕಲಿಯಬೇಕಾಯಿತು.

ಡಿಸ್ಕ್ ಬ್ರೇಕ್ ವಿಚಾರದಲ್ಲಿ ಇದು ಢಾಳಾಗಿ ಕಾಣಿಸಿತು. ಶಿಮಾನೋ, ಅಮೆರಿಕದ ಸ್ರ್ಯಾಮ್ ಎರಡೂ 2013ರ ಹೊತ್ತಿಗೆ ರಸ್ತೆ ಸೈಕಲ್ಲಿಗೆ ಹೈಡ್ರಾಲಿಕ್ ಡಿಸ್ಕ್ ಇಳಿಸಿದ್ದವು. ಕ್ಯಾಂಪಾನ್ಯೋಲೋ ಜರ್ಮನಿಯ ಮಗೂರಾ ಜೊತೆ ಸೇರಿ ಹೊರತಂದದ್ದು 2017ರಲ್ಲಿ. ಬಂದ ಬ್ರೇಕ್ ಅತ್ಯುತ್ತಮ, ಒತ್ತಿದಷ್ಟೇ ಹಿಡಿಯುವ ಅದರ ಹದಕ್ಕೆ ಈಗಲೂ ಮೆಚ್ಚುಗೆಯಿದೆ. ಆದರೆ ಆ ನಾಲ್ಕು ವರ್ಷಗಳಲ್ಲಿ ಫ್ರೇಮ್ ತಯಾರಕರು ಹೊಸ ತಲೆಮಾರಿನ ಡಿಸ್ಕ್ ಫ್ರೇಮ್‌ಗಳನ್ನು ಉಳಿದಿಬ್ಬರ ಅಳತೆಗೇ ವಿನ್ಯಾಸ ಮಾಡಿ ಮುಗಿಸಿದ್ದರು. ಪಟ್ಟಿಯಿಂದ ಒಮ್ಮೆ ಹೆಸರು ಬಿಟ್ಟುಹೋದರೆ ಮತ್ತೆ ಸೇರಿಸಲು ಮುಂದಿನ ಫ್ರೇಮ್ ಬರುವವರೆಗೆ ಕಾಯಬೇಕು. ಅಂದರೆ ಇನ್ನೂ ಮೂರು ನಾಲ್ಕು ವರ್ಷ.

ಎಲೆಕ್ಟ್ರಾನಿಕ್ ಗೇರ್‌ನ ಕಥೆ ನನಗೆ ಹೆಚ್ಚು ಬೇಸರ ತರಿಸುವಂಥದ್ದು, ಏಕೆಂದರೆ ಅಲ್ಲಿ ಅವರು ತಡವಾಗಿ ಬಂದವರಲ್ಲ. ಶಿಮಾನೋದ ಡಿಐ2 2009ರಲ್ಲಿ, ಕ್ಯಾಂಪಾನ್ಯೋಲೋದ ಇಪಿಎಸ್ 2011ರಲ್ಲಿ. ಮರುವರ್ಷವೇ ನಡುವಿನ ದರ್ಜೆಯ ಅಥೆನಾ ಕಟ್ಟಿಗೂ ಇಪಿಎಸ್ ಬಂತು, ಆಮೇಲೆ ಕೋರಸ್‌ಗೆ. ಏಣಿಗೆ ಮೆಟ್ಟಿಲುಗಳಿದ್ದವು. ಆದರೆ 12 ಸ್ಪೀಡ್‌ಗೆ (ಹಿಂದೆ 12 ಹಲ್ಲುಚಕ್ರ) ಹೋಗುವಾಗ ಎಲೆಕ್ಟ್ರಾನಿಕ್ ಅನ್ನುವುದು ಅತಿ ಮೇಲಿನ ದರ್ಜೆಯ ಸೂಪರ್ ರೆಕಾರ್ಡ್ ಒಂದಕ್ಕೇ ಸೀಮಿತವಾಯಿತು. ಅದೇ ವರ್ಷಗಳಲ್ಲಿ ಸ್ರ್ಯಾಮ್ ಏನು ಮಾಡಿತು? 2019ರಲ್ಲಿ ರೆಡ್ ಮತ್ತು ಫೋರ್ಸ್, 2021ರಲ್ಲಿ ರೈವಲ್, 2023ರಲ್ಲಿ ಏಪೆಕ್ಸ್, ಮೇಲಿನಿಂದ ಕೆಳಗಿನ ದರ್ಜೆಯವರೆಗೆ ಎಲ್ಲಕ್ಕೂ 12 ಸ್ಪೀಡ್ ವೈರ್‌ಲೆಸ್. ಮೇಲಿನ ದರ್ಜೆಯ ತಂತ್ರಜ್ಞಾನವನ್ನು ಪ್ರತಿ ಎರಡು ವರ್ಷಕ್ಕೆ ಒಂದು ಮೆಟ್ಟಿಲು ಕೆಳಗಿಳಿಸಿತು. ಶಿಮಾನೋ 2022ರಲ್ಲಿ ನಡುವಿನ 105 ದರ್ಜೆಗೂ ಡಿಐ2 ಕೊಟ್ಟಿತು.

ಕೇಬಲ್ ಕಟ್ಟುಗಳು ಉಳಿದಿದ್ದವಲ್ಲ ಅನ್ನಬಹುದು. ಉಳಿದಿದ್ದವು, ಆದರೆ ಅವುಗಳ ಕಾಲಕೆಳಗಿನ ನೆಲ ಜರುಗುತ್ತಿತ್ತು. ಈಗಿನ ದುಬಾರಿ ರೇಸ್ ಫ್ರೇಮ್‌ಗಳಲ್ಲಿ ಬ್ರೇಕ್ ಹೋಸ್ ಹ್ಯಾಂಡಲ್‌ಬಾರ್‌ನೊಳಗಿಂದ, ಸ್ಟೆಮ್‌ನೊಳಗಿಂದ, ಹೆಡ್‌ಸೆಟ್ ಬೇರಿಂಗ್‌ನ ಪಕ್ಕದಿಂದ ನುಸುಳಿ ಫ್ರೇಮ್‌ನೊಳಗೆ ಇಳಿಯುತ್ತದೆ. ಹೈಡ್ರಾಲಿಕ್ ಹೋಸ್‌ಗೆ ತಿರುವು ಎಷ್ಟಿದ್ದರೂ ಚಿಂತೆಯಿಲ್ಲ. ಗೇರ್ ಕೇಬಲ್‌ಗೆ ಪ್ರತಿ ತಿರುವೂ ಶತ್ರು: ಘರ್ಷಣೆ ಹೆಚ್ಚುತ್ತದೆ, ಡಿರೇಲರ್ ಸ್ಪ್ರಿಂಗ್ ಕೇಬಲ್ಲನ್ನು ಹಿಂದಕ್ಕೆ ಎಳೆದುಕೊಳ್ಳಲಾರದೆ ಸಣ್ಣ ಹಲ್ಲುಚಕ್ರಕ್ಕೆ ಇಳಿಯುವುದು ತಡವಾಗುತ್ತದೆ. ಹೀಗಾಗಿ ಹಲವು ಫ್ರೇಮ್‌ಗಳಿಗೆ ಗೇರ್ ಕೇಬಲ್‌ನ ತೂತನ್ನೇ ಇಡುವುದಿಲ್ಲ. ಜಗತ್ತಿನ ಅತಿ ಸುಂದರ ಕೇಬಲ್ ಗೇರ್ ಮಾಡಿಟ್ಟರೂ ಅದನ್ನು ಕೂರಿಸಲು ಹೊಸ ಫ್ರೇಮ್ ಸಿಗದ ಸ್ಥಿತಿ ಬಂತು.

ಈ ಹಿನ್ನೆಲೆಯಲ್ಲಿ 2023ರಲ್ಲಿ ಸೂಪರ್ ರೆಕಾರ್ಡ್ ವೈರ್‌ಲೆಸ್ ಬಂತು. ಬೆಲೆ 5,200 ಯೂರೋ. ಇದು ಬರೀ ಬೆಲೆಯಲ್ಲ, ನಾವು ಐಷಾರಾಮಿ ವಸ್ತುವಿನ ತಯಾರಕರು ಅನ್ನುವ ಘೋಷಣೆ. ಕೈಗಡಿಯಾರದಂತೆ, ಇಟಲಿಯ ಚರ್ಮದ ಚೀಲದಂತೆ ಸೈಕಲ್ ಭಾಗವನ್ನೂ ಮಾರಬಹುದು ಅನ್ನುವ ಲೆಕ್ಕಾಚಾರ. ಮರುವರ್ಷ ಸೂಪರ್ ರೆಕಾರ್ಡ್ ಎಸ್ ಅನ್ನುವ ಸ್ವಲ್ಪ ಕಡಿಮೆ ಬೆಲೆಯದು ಬಂದರೂ ಅದೂ ಅಟ್ಟದ ಮೇಲಿನದೇ, ನಡುಮನೆಯದಲ್ಲ.

ಗಡಿಯಾರದ ಹೋಲಿಕೆ ಇಲ್ಲಿ ಕೆಲಸ ಮಾಡುವುದಿಲ್ಲ. ಗಡಿಯಾರ ಕೈಮೇಲೆ ಒಂಟಿಯಾಗಿ ಬದುಕುತ್ತದೆ, ಬೇರೆ ಯಾರ ಅಳತೆಗೂ ಹೊಂದಬೇಕಿಲ್ಲ. ಸೈಕಲ್ ಭಾಗ ಸವೆಯುವ ವಸ್ತು. ಈ ಕಂಪನಿಯ 10, 11 ಸ್ಪೀಡ್ ಚೈನ್‌ನ ಸವೆತ ನೋಡಲು ವರ್ನಿಯರ್ ಕ್ಯಾಲಿಪರ್ ಬೇಕು. ರೋಲರ್‌ಗಳ ನಡುವೆ ಕ್ಯಾಲಿಪರ್‌ನ ಮೂತಿ ಇಟ್ಟು, ಚೈನ್‌ನ ಬೇರೆ ಬೇರೆ ಜಾಗದಲ್ಲಿ ಅಳೆಯಬೇಕು. ಒಂದೇ ಒಂದು ಕಡೆ 132.60 ಮಿಲಿಮೀಟರ್ ದಾಟಿದರೂ ಚೈನ್ ಬದಲಿಸಬೇಕು. ಇರಲಿ ಬಿಡು ಅಂತ ಓಡಿಸಿದರೆ ಸವೆದ ಚೈನ್ ಕ್ಯಾಸೆಟ್‌ನ ಹಲ್ಲನ್ನೂ ತಿನ್ನುತ್ತದೆ. ಸೂಪರ್ ರೆಕಾರ್ಡ್‌ನ ಹಳೆಯ ಕ್ಯಾಸೆಟ್‌ಗಳಲ್ಲಿ ದೊಡ್ಡ ಚಕ್ರಗಳು ಟೈಟಾನಿಯಂನವು. ಹಗುರ ನಿಜ, ಆದರೆ ಉಕ್ಕಿಗಿಂತ ಬೇಗ ಸವೆಯುತ್ತವೆ. ದಿನವೂ ಸೈಕಲ್ ಹೊಡೆಯುವವರು ಇದನ್ನೆಲ್ಲ ವರ್ಷಕ್ಕೆ ಒಂದೆರಡು ಸಲವಾದರೂ ಎದುರಿಸುತ್ತಾರೆ. ಅವರಿಗೆ ಅದೇ ಮನೆತನದ ಅಗ್ಗದ ಉಕ್ಕಿನ ಕ್ಯಾಸೆಟ್ ಬೇಕು, ಅದು ಹತ್ತಿರದ ಅಂಗಡಿಯಲ್ಲಿ ಇವತ್ತೇ ಸಿಗಬೇಕು. ಕೆಳಗಿನ ದರ್ಜೆಯ ಕಟ್ಟು ಇದ್ದಾಗ ಆ ಕ್ಯಾಸೆಟ್, ಆ ಚೈನ್ ಅಂಗಡಿಯ ಗೋಡೆಯಲ್ಲಿ ತೂಗುತ್ತಿದ್ದವು. ವೆಲೋಚೆ, ಮಿರಾಜ್, ಅಥೆನಾ ಹೋದಂತೆ ಗೋಡೆಯೂ ಖಾಲಿಯಾಯಿತು.

ಮೆಕ್ಯಾನಿಕ್ ಕೂಡ ಈ ಏಣಿಯ ಭಾಗವೇ. ಅಲ್ಟ್ರಾ-ಟಾರ್ಕ್ ಕ್ರ್ಯಾಂಕ್ ನೋಡಿ. ಎಡತೋಳಿಗೆ ಅರ್ಧ ಆಕ್ಸಲ್, ಬಲತೋಳಿಗೆ ಅರ್ಧ ಆಕ್ಸಲ್. ಎರಡೂ ಫ್ರೇಮ್‌ನ ನಟ್ಟನಡುವೆ ಎದುರುಬದುರು ಹಲ್ಲುಗಳಿಂದ ಕಚ್ಚಿಕೊಳ್ಳುತ್ತವೆ. ಹಿರ್ತ್ ಜೋಡಣೆ ಅನ್ನುತ್ತಾರೆ ಇದಕ್ಕೆ. ಒಳಗಿನ ಒಂದೇ ಬೋಲ್ಟನ್ನು ಉದ್ದದ 10 ಮಿಲಿಮೀಟರ್ ಅಲೆನ್ ಕೀಯಿಂದ, 42 ನ್ಯೂಟನ್ ಮೀಟರ್‌ಗಿಂತ ಕಡಿಮೆಯಾಗದಂತೆ ಬಿಗಿಯಬೇಕು. ಬೇರಿಂಗ್‌ಗಳು ಫ್ರೇಮ್‌ನಲ್ಲಿ ಇರುವುದಿಲ್ಲ, ತೋಳುಗಳ ಮೇಲೆಯೇ ಒತ್ತಿ ಕೂರಿಸಿರುತ್ತಾರೆ. ಬಲಗಡೆ ಒಂದು ತಂತಿ ಕ್ಲಿಪ್ ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುತ್ತದೆ, ಎಡಗಡೆ ಅಲೆಯಂತಿರುವ ವಾಷರ್ ಸಣ್ಣ ವ್ಯತ್ಯಾಸ ನುಂಗಿಕೊಳ್ಳುತ್ತದೆ. ಎಂಜಿನಿಯರಿಂಗ್ ದೃಷ್ಟಿಯಿಂದ ಇದಕ್ಕಿಂತ ಶುದ್ಧವಾದ ಜೋಡಣೆ ಕಡಿಮೆ.

ಆದರೆ ಬೇರಿಂಗ್ ತೆಗೆಯಲು ಅದಕ್ಕೆಂದೇ ಮಾಡಿದ ಪುಲ್ಲರ್ ಬೇಕು. ಚೈನ್ ಜೋಡಿಸುವ ಪಿನ್ನಿನ ತುದಿಯನ್ನು ಅರಳಿಸಿ ಕೂರಿಸಲು ಬೇರೆ ಉಪಕರಣ ಬೇಕು. ಫ್ರೇಮ್‌ನ ಶೆಲ್ ಅಗಲ ಸ್ವಲ್ಪ ಹೆಚ್ಚಾಗಿದ್ದರೆ ಅಲೆ ವಾಷರ್ ಪೂರ್ತಿ ಚಪ್ಪಟೆಯಾಗಿ ಬೇರಿಂಗ್ ಬಿಗಿಯುತ್ತದೆ, ಕಡಿಮೆ ಇದ್ದರೆ ತೋಳು ಅಲ್ಲಾಡುತ್ತದೆ. ಇದನ್ನೆಲ್ಲ ಬಲ್ಲ ಮೆಕ್ಯಾನಿಕ್ ತಯಾರಾಗಬೇಕಾದರೆ ವಾರಕ್ಕೆ ಹತ್ತು ಅಂಥ ಸೈಕಲ್ ಅವರ ಸ್ಟ್ಯಾಂಡಿಗೆ ಬರಬೇಕು. ತಿಂಗಳಿಗೊಂದು ಬಂದರೆ ಉಪಕರಣದ ದುಡ್ಡೂ ಹುಟ್ಟುವುದಿಲ್ಲ. ಆಮೇಲೆ ಅದೇ ಮೆಕ್ಯಾನಿಕ್ ಗ್ರಾಹಕರಿಗೆ, ‘ಅದರ ಸಹವಾಸ ಬೇಡ, ಇದನ್ನು ಹಾಕಿಸಿಕೊಳ್ಳಿ’ ಅನ್ನುತ್ತಾರೆ. ಅವರ ಮಾತನ್ನು ಯಾವ ಜಾಹೀರಾತೂ ಅಳಿಸಲಾರದು.

2023ರ ಆ ವೈರ್‌ಲೆಸ್ ಕಟ್ಟಿನಲ್ಲಿ ನನ್ನನ್ನು ಹೆಚ್ಚು ನೋಯಿಸಿದ್ದು ಬೆಲೆಯಲ್ಲ. ಹೆಬ್ಬೆರಳಿನ ಲಿವರ್ ಕಣ್ಮರೆಯಾಗಿತ್ತು. ಅದರ ಬದಲು ಬ್ರೇಕ್ ಲಿವರ್‌ನ ಹಿಂದೆ ಮೇಲೊಂದು ಕೆಳಗೊಂದು ಗುಂಡಿ, ಹೆಚ್ಚುಕಡಿಮೆ ಉಳಿದವರಂತೆಯೇ. ಹಿಂದಿನ ಡಿರೇಲರ್ ಮತ್ತು ಮುಂದಿನ ಡಿರೇಲರ್‌ಗೆ ಬೇರೆ ಬೇರೆ ಆಕಾರದ ಬ್ಯಾಟರಿ, ಒಂದರದ್ದು ಇನ್ನೊಂದಕ್ಕೆ ಹಾಕಲು ಬರುವುದಿಲ್ಲ. ಸ್ರ್ಯಾಮ್‌ನಲ್ಲಿ ಎರಡೂ ಒಂದೇ. ಬೆಟ್ಟದ ದಾರಿಯಲ್ಲಿ ಹಿಂದಿನದು ಮುಗಿದುಹೋದರೆ ಮುಂದಿನದನ್ನು ಕಿತ್ತು ಹಿಂದಕ್ಕೆ ಹಾಕಿಕೊಂಡು ಮನೆ ಸೇರಬಹುದು. ಹಿಂದಿನ ಡಿರೇಲರ್ ಮುಂದಿನದಕ್ಕಿಂತ ಹೆಚ್ಚು ಕೆಲಸ ಮಾಡುವುದರಿಂದ ಅದರ ಬ್ಯಾಟರಿಯೇ ಮೊದಲು ಮುಗಿಯುವುದು. ಹೀಗಾಗಿ ಇದು ಸಣ್ಣ ವಿಷಯವಲ್ಲ. ಯಾವುದಕ್ಕಾಗಿ ಜನ ಹೆಚ್ಚು ದುಡ್ಡು ಕೊಡಲು ಸಿದ್ಧರಿದ್ದರೋ ಆ ಗುರುತನ್ನೇ ತೆಗೆದು ಬೆಲೆಯನ್ನು ಮಾತ್ರ ಉಳಿಸಿಕೊಂಡದ್ದು ನನ್ನ ದೃಷ್ಟಿಯಲ್ಲಿ ಆ ದಶಕದ ದೊಡ್ಡ ತಪ್ಪು. 2025ರಲ್ಲಿ ಬಂದ ಸೂಪರ್ ರೆಕಾರ್ಡ್ 13ರಲ್ಲಿ ಹೆಬ್ಬೆರಳಿನ ಲಿವರ್ ಮರಳಿತು. ಕಂಪನಿ ತನ್ನ ಬಳಕೆದಾರರ ಮಾತು ಕೇಳಿಸಿಕೊಂಡದ್ದಕ್ಕೆ ನಿಜವಾಗಿ ಸಂತೋಷವಾಯಿತು. ಆದರೆ ನಡುವೆ ಎರಡು ವರ್ಷ ಹೋಯಿತು.

ರೇಸ್ ತಂಡಗಳ ವಿಚಾರವೂ ಇದರ ನೆರಳೇ. ಸ್ಲೊವೇನಿಯಾದ ಸವಾರ ತಾದೇಯ್ ಪೊಗಾಚರ್ 2020 ಮತ್ತು 2021ರ ಟೂರ್ ದ ಫ್ರಾನ್ಸ್ ಗೆದ್ದದ್ದು ಕ್ಯಾಂಪಾನ್ಯೋಲೋ ಮೇಲೆ. 2023ಕ್ಕೆ ಅವರ ತಂಡ ಶಿಮಾನೋಗೆ ಹೋಯಿತು. 2024ರಲ್ಲಿ ಪುರುಷರ ಅತಿ ಮೇಲಿನ ರೇಸ್ ಸರಣಿಯಾದ ವರ್ಲ್ಡ್‌ಟೂರ್‌ನಲ್ಲಿ ಈ ಕಂಪನಿಯ ಕಟ್ಟು ಬಳಸುವ ತಂಡವೇ ಇರಲಿಲ್ಲ. 2025ರಲ್ಲಿ ಫ್ರಾನ್ಸಿನ ಕೊಫಿಡಿಸ್ ತಂಡದ ಜೊತೆ ಅದು ರೇಸಿಗೆ ಮರಳಿತು. ತಂಡವೊಂದಕ್ಕೆ ಕೊಡಬೇಕಾದ್ದು ಪ್ರತಿ ಸವಾರನಿಗೆ ಒಂದು ಸೈಕಲ್ಲಿನ ಭಾಗವಲ್ಲ. ಒಬ್ಬೊಬ್ಬರಿಗೂ ಹಲವು ಸೈಕಲ್, ಟೈಮ್ ಟ್ರಯಲ್ ಸೈಕಲ್ ಬೇರೆ, ಮೇಲೆ ರಾಶಿ ಬಿಡಿಭಾಗ, ಜೊತೆಗೆ ಪ್ರಾಯೋಜನೆಯ ಹಣ. ಗೆದ್ದ ಸೈಕಲ್ಲನ್ನು ಟಿವಿಯಲ್ಲಿ ನೋಡಿ ಅಂಗಡಿಗೆ ಬಂದವನಿಗೆ ಅದೇ ಹೆಸರಿನ, ತನ್ನ ಕೈಗೆಟುಕುವ ಕಟ್ಟು ಸಿಗದಿದ್ದರೆ ಆ ಖರ್ಚು ನೀರಿನಲ್ಲಿ ಹೋಮ ಮಾಡಿದಂತೆ. ಶಿಮಾನೋದ ಮಟ್ಟಿಗೆ ಡ್ಯೂರಾ-ಏಸ್ ಗೆದ್ದರೆ 105 ಮಾರಾಟವಾಗುತ್ತದೆ.

ಕೋವಿಡ್ ನಂತರದ ಕುಸಿತ ಎಲ್ಲರನ್ನೂ ಹೊಡೆಯಿತು. ಶಿಮಾನೋದ ವಾರ್ಷಿಕ ಮಾರಾಟವೇ 2022ರ ಸುಮಾರು 62,900 ಕೋಟಿ ಯೆನ್‌ನಿಂದ 2023ರಲ್ಲಿ ಸುಮಾರು 47,400 ಕೋಟಿಗೆ ಬಿತ್ತು. ಗಿರಾಕಿ ಮುಗಿಬಿದ್ದ ಕಾಲದಲ್ಲಿ ಎಲ್ಲರೂ ಬೇಕಾದ್ದಕ್ಕಿಂತ ಹೆಚ್ಚು ಆರ್ಡರ್ ಕೊಟ್ಟರು, ಸರಕು ಬರುವ ಹೊತ್ತಿಗೆ ಗಿರಾಕಿ ಇರಲಿಲ್ಲ. ಗೋದಾಮು ತುಂಬಿದ ಅಂಗಡಿಗಳು ರಿಯಾಯಿತಿಯಲ್ಲಿ ಮಾರತೊಡಗಿದಾಗ, ಪೂರ್ತಿ ಬೆಲೆಗೆ ನಿಂತಿದ್ದ ದುಬಾರಿ ಕಟ್ಟು ಇನ್ನಷ್ಟು ದೂರದ್ದಾಗಿ ಕಂಡಿತು. ದೊಡ್ಡವರ ಬೆನ್ನಿಗೆ ಹಲವು ಮಾರುಕಟ್ಟೆಗಳ ಆಸರೆಯಿದೆ. ಶಿಮಾನೋಗೆ ಮೀನು ಹಿಡಿಯುವ ಸಲಕರಣೆಯ ವ್ಯಾಪಾರವೂ ಇದೆ. ಒಂದೇ ಕಂಬದ ಮೇಲೆ ನಿಂತ ಮನೆಗೆ ಗಾಳಿ ಹೆಚ್ಚು ತಾಗುತ್ತದೆ.

ಹಾಗಾದರೆ ಪ್ರೀಮಿಯಂ ಆಗಿಯೇ ಉಳಿದು ಬದುಕಿದವರಿಲ್ಲವೇ? ಇದ್ದಾರೆ. ಅವರು ಆರಿಸಿಕೊಂಡ ಜಾಗ ಗಮನಿಸಿ. ಅಮೆರಿಕದ ಕ್ರಿಸ್ ಕಿಂಗ್ ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಮತ್ತು ಹಬ್ (ಚಕ್ರದ ನಡುವಿನ ಗುಂಬ) ಮಾಡುತ್ತದೆ. ಸ್ವಿಟ್ಜರ್ಲೆಂಡಿನ ಡಿಟಿ ಸ್ವಿಸ್ ಕಡ್ಡಿ, ಹಬ್, ಚಕ್ರ ಮಾಡುತ್ತದೆ. ಹೆಡ್‌ಸೆಟ್ ಕೂರಲು ಫ್ರೇಮ್‌ನ ಕೊಳವೆ ಸರಿಯಿದ್ದರೆ ಸಾಕು, ಗೇರ್ ಯಾರದಾದರೇನು? ಹಬ್‌ಗೆ ಬೇಕಾದ್ದು ಕ್ಯಾಸೆಟ್ ಕೂರುವ ಹೊರಮೈ, ಅದನ್ನು ಮೂರು ವಿಧದಲ್ಲಿ ಮಾಡಿಟ್ಟರೆ ಎಲ್ಲರ ಗಿರಾಕಿಯೂ ತಮ್ಮ ಗಿರಾಕಿಯೇ. ಬೇರೆಯವರ ವ್ಯವಸ್ಥೆಗಳ ನಡುವಿನ ಗಡಿಯಲ್ಲಿ ಅವರು ಅಂಗಡಿ ಇಟ್ಟರು. ಹಾಗೆಂದು ಗಡಿಯಲ್ಲಿದ್ದರೆ ಗೆಲುವು ಖಚಿತ ಅಂತಲೂ ಅಲ್ಲ: ಚಕ್ರಗಳ ದೊಡ್ಡ ಹೆಸರಾದ ಫ್ರಾನ್ಸಿನ ಮಾವಿಕ್ 2020ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಗಿ ಕೈಬದಲಾಯಿತು.

ಕ್ಯಾಂಪಾನ್ಯೋಲೋಗೂ ಈ ದಾರಿ ಗೊತ್ತಿತ್ತು. 2004ರ ಹೊತ್ತಿಗೆ ಅದು ಫುಲ್ಕ್ರಮ್ ಹೆಸರಿನಲ್ಲಿ ಚಕ್ರಗಳನ್ನು ಮಾರತೊಡಗಿತು. ತನ್ನ ಹೆಸರಿನ ಚಕ್ರವನ್ನು ಶಿಮಾನೋ ಬಳಸುವವರು ಕೊಳ್ಳಲು ಹಿಂಜರಿಯುತ್ತಾರೆ ಅನ್ನುವುದನ್ನು ಅರಿತು ಬೇರೆ ಹೆಸರು ಇಟ್ಟದ್ದು ಜಾಣತನ. ಆ ಚಕ್ರಗಳು ಪೂರ್ತಿ ಸೈಕಲ್‌ಗಳ ಮೇಲೂ ಏರಿದವು. 2020ರಲ್ಲಿ ಬಂದ ಎಕಾರ್ ಇನ್ನೊಂದು ಒಳ್ಳೆಯ ಹೆಜ್ಜೆ. ಮಣ್ಣು, ಜಲ್ಲಿ ದಾರಿಯ ಗ್ರಾವೆಲ್ ಸೈಕಲ್ಲಿಗೆ 13 ಸ್ಪೀಡ್, ಮುಂದೆ ಒಂದೇ ಚಕ್ರ, ಹಿಂದೆ 9ರಿಂದ 42 ಹಲ್ಲಿನವರೆಗಿನ ಕ್ಯಾಸೆಟ್, ಕೇಬಲ್ ಗೇರ್. ಅದರ ಜೊತೆ ಬಂದ ಎನ್3ಡಬ್ಲ್ಯೂ ಹಬ್ ಬಾಡಿ ಹಳೆಯದಕ್ಕಿಂತ 4.4 ಮಿಲಿಮೀಟರ್ ಗಿಡ್ಡ, 9 ಹಲ್ಲಿನ ಚಕ್ರ ಕೂರಲೆಂದು. ಹಳೆಯ ಕ್ಯಾಸೆಟ್ ಇರುವವರನ್ನು ಕೈಬಿಡದೆ ಒಂದು ಅಡಾಪ್ಟರ್ ಉಂಗುರ ಕೊಟ್ಟರು. ಅದನ್ನು ಹಾಕಿಕೊಂಡರೆ ಹೊಸ ಹಬ್‌ನಲ್ಲಿ ಹಳೆಯ 11, 12 ಸ್ಪೀಡ್ ಕ್ಯಾಸೆಟ್ ಕೂರುತ್ತದೆ. ಜಿ-ಸ್ಪ್ರಿಂಗ್ ಹುಟ್ಟಿದ ಅದೇ ಮನಸ್ಸು ಈ ಉಂಗುರದಲ್ಲಿ ನನಗೆ ಕಾಣುತ್ತದೆ.

ಸ್ರ್ಯಾಮ್‌ನಿಂದ ಕಲಿಯಬೇಕಾದ್ದೂ ಒಂದಿದೆ. 2019ರಲ್ಲಿ ಅದು ಯುಡಿಎಚ್ ಅನ್ನುವ ಒಂದೇ ಅಳತೆಯ ಡಿರೇಲರ್ ಹ್ಯಾಂಗರ್ (ಡಿರೇಲರನ್ನು ಫ್ರೇಮ್‌ಗೆ ಹಿಡಿಸುವ ಕೊಂಡಿ) ತಂದು ಫ್ರೇಮ್ ತಯಾರಕರಿಗೆಲ್ಲ ಮುಕ್ತವಾಗಿ ಬಿಟ್ಟುಕೊಟ್ಟಿತು. ಫ್ರೇಮ್‌ಗೊಂದು ಹ್ಯಾಂಗರ್ ಹುಡುಕಿ ಸಾಕಾಗಿದ್ದ ಎಲ್ಲರೂ ಅದನ್ನು ಬಾಚಿಕೊಂಡರು. 2023ರಲ್ಲಿ ಅದೇ ಜಾಗಕ್ಕೆ ಹ್ಯಾಂಗರ್ ಇಲ್ಲದೆಯೇ ನೇರ ಕೂರುವ ಡಿರೇಲರ್ ಬಂತು. ನಾಲ್ಕು ವರ್ಷ ಮೊದಲು ಹಾಕಿದ ಪಾಯದ ಮೇಲೆ ಮನೆ ಎದ್ದಿತು. ಫ್ರೇಮ್‌ನಲ್ಲಿ ಜಾಗ ಗಿಟ್ಟಿಸದೆ ಸೈಕಲ್ಲಿನಲ್ಲಿ ಜಾಗ ಸಿಗುವುದಿಲ್ಲ ಅನ್ನುವುದನ್ನು ಅವರು ಬಹಳ ಮೊದಲೇ ಅರಿತಿದ್ದರು.

ವಿಚೆಂಜಾದ ಮುಂದಿನ ಕೆಲಸ ನನಗೆ ಕಾಣುವುದು ಹೀಗೆ. 13 ಸ್ಪೀಡ್ ವೈರ್‌ಲೆಸ್‌ನ ಮಿದುಳು, ಮೋಟಾರು, ಹೆಬ್ಬೆರಳಿನ ಲಿವರ್ ಎಲ್ಲವನ್ನೂ ಹಾಗೆಯೇ ಉಳಿಸಿಕೊಂಡು ಕಾರ್ಬನ್ ಜಾಗದಲ್ಲಿ ಅಲ್ಯೂಮಿನಿಯಂ, ಉಕ್ಕಿನ ಕ್ಯಾಸೆಟ್, ಎರಡೂ ಡಿರೇಲರ್‌ಗೆ ಒಂದೇ ಬಗೆಯ ಬ್ಯಾಟರಿ. ಮೇಲಿನದಕ್ಕಿಂತ ಮುನ್ನೂರು ನಾನೂರು ಗ್ರಾಂ ಭಾರವಾದರೆ ಆಗಲಿ. ಅದನ್ನು ಬಿಡಿಯಾಗಿ ಮಾರುವುದಕ್ಕಿಂತ ಮೊದಲು ಒಂದೂವರೆ ವರ್ಷ ಮುಂಚಿತವಾಗಿ ಫ್ರೇಮ್ ತಯಾರಕರ ಮೇಜಿಗೆ ಒಯ್ಯಬೇಕು, ಪೂರೈಸುವ ತಿಂಗಳನ್ನು ಬರೆದುಕೊಡಬೇಕು. ಚೀನಾದ ಎಲ್‌-ಟೂ, ವೀಲ್‌ಟಾಪ್‌ನಂಥವರು ಅಗ್ಗದ ಎಲೆಕ್ಟ್ರಾನಿಕ್ ಕಟ್ಟುಗಳೊಂದಿಗೆ ಕೆಳಗಿನಿಂದ ಏರಿ ಬರುತ್ತಿರುವುದರಿಂದ ಅತಿ ಕೆಳಗಿನ ಮೆಟ್ಟಿಲಿಗೆ ಪೈಪೋಟಿ ಮಾಡುವುದರಲ್ಲಿ ಅರ್ಥವಿಲ್ಲ. ನಡುವಿನ ಎರಡು ಮೆಟ್ಟಿಲು ಸಾಕು. ಬೇರಿಂಗ್ ಪುಲ್ಲರ್, ಚೈನ್ ಉಪಕರಣ, ಎರಡು ಕ್ಯಾಸೆಟ್, ಆರು ಚೈನ್ ಇರುವ ಪೆಟ್ಟಿಗೆಯೊಂದನ್ನು ಪ್ರತಿ ಸರ್ವೀಸ್ ಅಂಗಡಿಗೆ ಮಾರಾಟವಾದ ಮೇಲೆ ದುಡ್ಡು ಕೊಡುವ ಷರತ್ತಿನಲ್ಲಿ ಕಳಿಸಬೇಕು. ಮತ್ತು ಕಟ್ಟು ಹೊರಬಂದ ದಿನವೇ ಅದರ ಬಿಡಿಭಾಗಗಳ ಕ್ಯಾಟಲಾಗ್ ಹೊರಬರಬೇಕು: ಬಿಚ್ಚಿಟ್ಟ ಲಿವರ್‌ನ ಚಿತ್ರ, ಪ್ರತಿ ಸ್ಪ್ರಿಂಗ್‌ಗೂ ಪ್ರತಿ ಸ್ಕ್ರೂಗೂ ಒಂದು ಸಂಖ್ಯೆ, ಪ್ರತಿ ಸಂಖ್ಯೆಗೂ ಒಂದು ಬೆಲೆ.